ಐದು ಪೈಸೆಯ ತಿಕೀಟು

ಹೋದ ದೀಪಾವಳಿಗೆ ಮುಂಚೆ ಸುಣ್ಣ ಹಚ್ಚುವ ಗದ್ದಲದಲ್ಲಿ, ಖಾನಾಪುರದ ನಮ್ಮ ಹಳೆಯ ಮನೆಯ ಅಟ್ಟದಿಂದ ತಂದೆಯವರ ತಗಡಿನ ಪೆಟ್ಟಿಗೆಯೊಂದನ್ನು ಕೆಳಗಿಳಿಸಬೇಕಾಯಿತು. ಅದರೊಳಗೆ ಹೊಲದ ಕಾಗದಗಳು, ಹಳೆಯ ಪಾವತಿಗಳು, ಅಂಚು ಸವೆದ ಒಂದು ಪಂಚಾಂಗ, ದಾರದಿಂದ ಬಿಗಿದ ಟಪಾಲಿನ ಒಂದು ಕಟ್ಟು ಇಷ್ಟು ಇದ್ದವು. ಮೊಮ್ಮಗಳು ಆ ಕಟ್ಟನ್ನು ಬಿಚ್ಚಿ ಪಾಕೀಟುಗಳನ್ನು ಒಂದೊಂದಾಗಿ ತಿರುವಿ ನೋಡುತ್ತ, "ಅಜ್ಜಾ, ಇವಕ್ಕ ಅಚ್ಚಾದ ತಿಕೀಟು ಮೊದಲ ಐತಿ. ಮತ್ತ ಬಾಜೂಕ ಇನ್ನೊಂದು ಸಣ್ಣದು ಯಾಕ ಹಚ್ಯಾರ?" ಎಂದು ಕೇಳಿದಳು.

ಕೇಳಬೇಕಾದ ಪ್ರಶ್ನೆಯೇ ಅದು. ಆ ಸಣ್ಣ ತಿಕೀಟಿನ ಬೆಲೆ ೫ ಪೈಸೆ. ಅದು ಕುಟುಂಬ ಯೋಜನೆಯ ಪ್ರಚಾರಕ್ಕಾಗಿ ಅಚ್ಚಾದ ತಿಕೀಟು. ಚಿಕ್ಕದೊಂದು ಕುಟುಂಬದ ಚಿತ್ರ ಅದರಲ್ಲಿದೆ. ಆ ಚಿತ್ರದ ಮೇಲೆಯೇ ನಿರಾಶ್ರಿತರ ಸಹಾಯಾರ್ಥ ಎಂಬ ಅರ್ಥದ ಮಾತನ್ನು ಹಿಂದೀ ಇಂಗ್ಲೀಷುಗಳಲ್ಲಿ ಒತ್ತಿದ್ದಾರೆ. ಮನೆಮಠ ತೊರೆದು ಓಡಿಬಂದ ಸಂಸಾರಗಳ ಸಲುವಾಗಿ, ಸುಖದಿಂದಿರುವ ಸಂಸಾರದ ಚಿತ್ರವುಳ್ಳ ತಿಕೀಟೇ ಉಪಯೋಗಕ್ಕೆ ಬಂದದ್ದು ಅವಸರದ ಮೂಲಕ. ಹೊಸ ಚಿತ್ರ ಕೊರೆಯಿಸಿ ಅಚ್ಚು ಹಾಕಿಸುವಷ್ಟು ವೇಳೆ ಆಗ ಸರಕಾರಕ್ಕೆ ಇರಲಿಲ್ಲ. ಇದನ್ನು ಬರೆಯುವ ನನಗೆ ಆಗ ಹತ್ತು ವರ್ಷ. ಮೊಮ್ಮಗಳಿಗೆ ಆ ದಿನ ಹೇಳಿದ್ದನ್ನೂ, ಹೇಳುವಾಗ ಮರೆತದ್ದನ್ನೂ ಕೂಡಿಸಿ ವಾಚಕರ ಮುಂದೆ ಇಡುತ್ತೇನೆ.

೧೯೭೧ನೆಯ ಇಸವಿಯ ಮಾರ್ಚ ೨೫ರ ರಾತ್ರಿ ಪಾಕಿಸ್ತಾನದ ಸೈನ್ಯವು ಢಾಕಾ ಪಟ್ಟಣದಲ್ಲಿ ತನ್ನ ಪ್ರಜೆಗಳ ಮೇಲೆಯೇ ಬಿದ್ದಿತು. ಚುನಾವಣೆಯಲ್ಲಿ ಬಹುಮತ ಪಡೆದಿದ್ದ ಶೇಖ ಮುಜೀಬುರ ರಹಮಾನರನ್ನು ಸೆರೆಹಿಡಿದು ಪಶ್ಚಿಮ ಪಾಕಿಸ್ತಾನಕ್ಕೆ ಒಯ್ದರು. ಅಲ್ಲಿಂದ ಮುಂದೆ ಪೂರ್ವ ಬಂಗಾಲದ ಹಳ್ಳಿಹಳ್ಳಿಗಳಿಂದ ಜನರು ಗಡಿ ದಾಟಿ ನಮ್ಮ ದೇಶದೊಳಗೆ ಬರಹತ್ತಿದರು. ನಡೆದು ಬಂದವರೇ ಬಹಳ. ಮಳೆಗಾಲ ಹಿಡಿದ ಮೇಲೆ ಕೆಸರಿನಲ್ಲಿ, ಮುದುಕರನ್ನು ಬುಟ್ಟಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ತಂದವರೂ ಇದ್ದರು. ಡಿಸೆಂಬರದ ಮಧ್ಯದ ಹೊತ್ತಿಗೆ ಸರಕಾರದ ಲೆಕ್ಕದ ಮೇರೆಗೆ ಹೀಗೆ ಬಂದವರು ೯೮ ಲಕ್ಷ ೯೯ ಸಾವಿರ.

ಇಂತಹ ಅಂಕಿಗಳನ್ನು ಓದಿ ನಾವು ಮುಂದಿನ ಸಾಲಿಗೆ ಹೋಗಿಬಿಡುವದು ವಾಡಿಕೆ. ಆದುದರಿಂದ ನಮ್ಮ ಅಳತೆಯಿಂದಲೇ ನೋಡೋಣ. ಅದೇ ವರ್ಷದ ಖಾನೇಷುಮಾರಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು ೨೪ ಲಕ್ಷ. ಅಥಣಿಯಿಂದ ಹಿಡಿದು ಮಲಪ್ರಭೆ ಹುಟ್ಟುವ ಕಣಕುಂಬಿಯ ವರೆಗೆ ಇರುವವರೆಲ್ಲರೂ ಒಂದು ದಿನ ಒಲೆಯ ಮೇಲಿನ ಅನ್ನವನ್ನು ಅಲ್ಲಿಯೇ ಬಿಟ್ಟು ಎದ್ದು ಹೊರಟರೆಂದು ಕಲ್ಪಿಸಿಕೊಳ್ಳಿರಿ. ಅಂತಹ ನಾಲ್ಕು ಜಿಲ್ಲೆಗಳ ಜನ ಅವರು. ಹದಿನೈದೂವರೆ ಲಕ್ಷ ಜನರಿದ್ದ ತ್ರಿಪುರಾ ಪ್ರಾಂತಕ್ಕೆ ೧೪ ಲಕ್ಷ ಅತಿಥಿಗಳು ಬಂದಿಳಿದರು. ನಮ್ಮಲ್ಲಿ ಮದುವೆಗೆ ಕರೆದದ್ದಕ್ಕಿಂತ ಐವತ್ತು ಜನ ಹೆಚ್ಚು ಬಂದರೆ ಯಜಮಾನನ ಮುಖ ಹೇಗಾಗುವದೆಂಬುದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇಷ್ಟು ಜನರಿಗೆ ಅನ್ನ, ಔಷಧ, ತಲೆಯ ಮೇಲೊಂದು ತಾಡಪತ್ರಿ ಒದಗಿಸುವ ಖರ್ಚು ಎಲ್ಲಿಂದ ಬರಬೇಕು? ಪರದೇಶಗಳು ಕೊಟ್ಟವು, ವಿಶ್ವಸಂಸ್ಥೆಯು ಕೊಟ್ಟಿತು. ಆದರೆ ಹೊರೆಯ ಬಹುಭಾಗ ನಮ್ಮ ದೇಶದ ಮೇಲೆಯೇ ಉಳಿಯಿತು. ಯಶವಂತರಾವ ಚವ್ಹಾಣರು ಆಗ ಅರ್ಥಮಂತ್ರಿಗಳು. ಅಕ್ಟೋಬರದಲ್ಲಿ ಸುಗ್ರೀವಾಜ್ಞೆಗಳು ಹೊರಟು, ನವೆಂಬರ ೧೫ರಿಂದ ಟಪಾಲಿನ ಮೇಲೆ ೫ ಪೈಸೆಯ ತೆರಿಗೆ ಕುಳಿತಿತು. ರೈಲಿನ ಬಾಡಿಗೆಗೂ, ವಿಮಾನದ ತಿಕೀಟಿಗೂ ಅಂತೆಯೇ ಆಯಿತು. ಹೊಸ ತಿಕೀಟು ಎಲ್ಲ ಊರುಗಳಿಗೆ ಮುಟ್ಟಿರಲಿಲ್ಲವಾದ್ದರಿಂದ ಅಲ್ಲಲ್ಲಿ ಇದ್ದ ತಿಕೀಟುಗಳ ಮೇಲೆಯೇ ಮುದ್ರೆ ಒತ್ತಿ ಕೆಲಸ ಸಾಗಿಸಿದರು. ನಮ್ಮ ಬೆಂಗಳೂರಿನಲ್ಲಿಯೂ ಹಾಗೆ ಒತ್ತಿದ್ದುಂಟು. ಡಿಸೆಂಬರ ೧ರಂದು ನಿರಾಶ್ರಿತರದೇ ಚಿತ್ರವುಳ್ಳ ಬೇರೆ ತಿಕೀಟು ಹೊರಟಿತು. ಕಾರ್ಡಿಗೆ ಮಾತ್ರ ಈ ತೆರಿಗೆ ಇರಲಿಲ್ಲ. ಬಡವನು ಬರೆಯುವದು ಕಾರ್ಡು. ಅವನನ್ನು ಬಿಟ್ಟದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಸಂಜೆಯ ಹೊತ್ತು ನಮ್ಮ ಕಟ್ಟೆಯ ಮೇಲೆ ಕುಳಿತು ಓಣಿಯವರಿಗೆ ಪತ್ರ ಬರೆದುಕೊಡುವದು ಅವರ ಎರಡನೆಯ ಉದ್ಯೋಗ. ಇದರಲ್ಲಿ ಸಂಬಳವಿಲ್ಲ, ಆದರೆ ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಹಣ್ಣಿಗೆ ಕೊರತೆ ಇರುತ್ತಿರಲಿಲ್ಲ. ೧೯೨೨ರಿಂದ ಮರಾಠಾ ಪಲಟಣಿನ ಕೇಂದ್ರವು ಬೆಳಗಾವಿಯಲ್ಲಿದೆ. ನಮ್ಮ ತಾಲೂಕಿನ ಎಷ್ಟೋ ಮನೆಗಳ ಹುಡುಗರು ಅಲ್ಲಿಗೆ ಹೋಗಿ ಭರ್ತಿಯಾದವರು. ಅಂತಹ ಮನೆಗಳಲ್ಲಿ ಓದು ಬಾರದ ತಾಯಂದಿರಿಗೆ ತಂದೆಯವರೇ ಕಣ್ಣು, ಅವರೇ ಕೈ. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಬರೆಯುತ್ತಿದ್ದರು. ಬೆಳಗಾವಿಯು ಯಾವ ಪ್ರಾಂತಕ್ಕೆ ಸೇರಬೇಕೆಂಬ ವಾದವು ಆ ವರ್ಷಗಳಲ್ಲಿ ಬಿಸಿಯಾಗಿಯೇ ಇದ್ದಿತು. ಕಟ್ಟೆಯ ಮೇಲೆ ಅದರ ಸುದ್ದಿ ಬಂದರೆ ತಂದೆಯವರು ದೌತಿಯ ಮುಚ್ಚಳ ಹಾಕಿಬಿಡುವರು. ಮತ್ತೆ ಪತ್ರ ಬರೆಯಿಸಬೇಕಾದವರು ಆ ವಿಷಯವನ್ನು ಬಿಟ್ಟು ಕೊಡಬೇಕಾಗುತ್ತಿತ್ತು.

ನವೆಂಬರದ ಕೊನೆಗೆ ಒಬ್ಬ ಮುದುಕಿ ಬಂದಳು. ಅವಳ ಕಿರಿಯ ಮಗನು ಪಲಟಣಿನಲ್ಲಿ ಪೂರ್ವದ ಗಡಿಗೆ ಹೋಗಿದ್ದನು. ಅವನ ವಿಳಾಸ ೯೯ ಎ.ಪಿ.ಓ. ಎಂದಷ್ಟೇ, ಎಲ್ಲಿದ್ದಾನೆಂಬುದು ಆ ಅಂಕಿಯಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಪತ್ರ ಮುಗಿಸಿ ಪಾಕೀಟಿನ ಖರ್ಚು ೨೦ ಪೈಸೆಯಲ್ಲ, ೨೫ ಎಂದು ತಂದೆಯವರು ಹೇಳಿ ಅದರ ಕಾರಣವನ್ನೂ ವಿವರಿಸಿದರು. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:

"ಮಾಸ್ತರ, ಎರಡು ವರ್ಷದ ಹಿಂದ ಗಾಳೀಗೆ ನಮ್ಮ ಮನೀ ಹಂಚು ಹಾರಿ ಹೋದಾಗ ಯಾವ ಸರಕಾರ ತಿಕೀಟು ಹಚ್ಚಿತ್ತರೀ?"

"ಹಚ್ಚಿರಲಿಲ್ಲ, ಆಯಿ. ಹಚ್ಚಬೇಕಾಗಿತ್ತು," ಎಂದರು ತಂದೆಯವರು. ಬಳಿಕ, "ಕಾರ್ಡಿಗೆ ಈ ಪಟ್ಟಿ ಇಲ್ಲ. ಕಾರ್ಡ ಬರೀಲೇನು?" ಎಂದು ಕೇಳಿದರು.

"ಬ್ಯಾಡ್ರಿ. ಕಾರ್ಡ ದಾರ್ಯಾಗ ಎಲ್ಲಾರೂ ಓದತಾರ. ಹಚ್ರಿ ನಿಮ್ಮ ಐದು ಪೈಸಾ. ಆದರ ಅದರಾಗ ಒಂದು ಮಾತು ಕೂಡಸ್ರಿ. ಓಡಿ ಬಂದ ಮಂದಿ ಹೆಂಗದಾರ, ನಮ್ಮ ರೊಕ್ಕ ಅವರಿಗೆ ಮುಟ್ಟತೈತೋ ಇಲ್ಲೋ, ಕಣ್ಣಾರೆ ನೋಡಿ ಬರಿ ಅಂತ ಬರೀರಿ."

ತಂದೆಯವರು ಪಾಕೀಟನ್ನು ಮತ್ತೆ ಬಿಚ್ಚಿ ಆ ಮಾತನ್ನು ಬರೆದರು. ಕೊಟ್ಟ ಹಣದ ಲೆಕ್ಕ ಕೇಳುವದು ದಾನಶೀಲರಿಗೆ ಒಪ್ಪುವ ಮಾತಲ್ಲವೆಂದು ಕೆಲವರು ಹೇಳುವದುಂಟು. ನಾನು ಒಪ್ಪುವದಿಲ್ಲ. ಲೆಕ್ಕ ಕೇಳಿದ ಆ ಮುದುಕಿ, ಕೇಳದೆ ಬಿಸಾಡಿ ಹೋಗುವ ಎಷ್ಟೋ ಶ್ರೀಮಂತರಿಗಿಂತ ಹೆಚ್ಚು ಲಕ್ಷ್ಯಪೂರ್ವಕವಾಗಿ ಕೊಟ್ಟಳು.

ಕಾಯದೆಯಿಂದ ಕೊಟ್ಟದ್ದಾಯಿತು, ಇನ್ನು ಕೈಯಿಂದ ಕೊಟ್ಟದ್ದರ ಸುದ್ದಿ. ಅದೇ ವರ್ಷ ಶ್ರಾವಣದಲ್ಲಿ ನಮ್ಮ ಓಣಿಯವರು ಹಳೆಯ ಅರಿವೆಗಳನ್ನು ಕೂಡಿಸಬೇಕೆಂದು ಮನಸ್ಸು ಮಾಡಿದ್ದರು. ನಾವು ಹುಡುಗರು ಕೈಗಾಡಿಯನ್ನು ನೂಕುತ್ತ ಮನೆಮನೆಗೆ ಹೋದೆವು. ಬಂದ ಸಾಮಾನನ್ನು ನೆನೆಸಿದರೆ ಈಗಲೂ ನಗೆ ಬರುತ್ತದೆ: ಜರಿ ಕಿತ್ತ ರುಮಾಲು, ಕಡ್ಡಿ ಮುರಿದ ಕೊಡೆ, ಬಲಗಾಲಿನದೊಂದೇ ಚಪ್ಪಲಿ, ಯಾರೋ ಹಿರಿಯರ ಕೋರ್ಟಿನ ಕರೀ ಕೋಟು. ದಾನವೆಂದರೆ ಅಟ್ಟವನ್ನು ಹಗುರ ಮಾಡಿಕೊಳ್ಳುವ ಯುಕ್ತಿಯೆಂದು ನಮ್ಮವರು ತಿಳಿದಂತೆ ತೋರಿತು. ತಂದೆಯವರು ಎಲ್ಲವನ್ನೂ ಜಗಲಿಯ ಮೇಲೆ ಹರವಿಸಿ, ನಾಳೆ ನೀವೇ ಉಡುವಂತಿದ್ದರೆ ಇಡಿರಿ, ಇಲ್ಲವಾದರೆ ಹಿಂದಕ್ಕೆ ಒಯ್ಯಿರಿ ಎಂದು ಸಾರಿದರು. ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ ಹೋಯಿತು. ಕೆಲವರಿಗೆ ಸಿಟ್ಟೂ ಬಂದಿತು.

ಉಡಲಿಕ್ಕೆ ಬಾರದ ಹತ್ತಿಯ ಸೀರೆಗಳನ್ನು ಮಾತ್ರ ನಮ್ಮ ತಾಯಿಯವರು ಹಿಂದಕ್ಕೆ ಕೊಡಲಿಲ್ಲ. ಓಣಿಯ ನಾಲ್ಕೈದು ಮಂದಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕೌದಿ ಹೊಲಿಯಲು ಕುಳಿತರು. ಕೌದಿಯೆಂದರೆ ಏನೆಂಬುದನ್ನು ನಮ್ಮ ಕಡೆಯ ವಾಚಕರಿಗೆ ಹೇಳಬೇಕಾಗಿಲ್ಲ. ದಕ್ಷಿಣದ ವಾಚಕರಿಗಾಗಿ ಹೇಳುತ್ತೇನೆ. ಸವೆದ ಸೀರೆಗಳನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಚಳಿಗೆ ಹೊದೆಯಲೂ ಆಗುವದು, ಕೂಸನ್ನು ಮಲಗಿಸಲೂ ಆಗುವದು. ಮಳೆ ಹೊರಗೆ ಸುರಿಯುತ್ತಿರಲು ಒಂದು ತಿಂಗಳಿನಲ್ಲಿ ಹನ್ನೊಂದು ಕೌದಿಗಳು ಸಿದ್ಧವಾದುವು.

ಬಹಳ ವರ್ಷಗಳ ಮೇಲೆ ಕಲಕತ್ತೆಗೆ ಹೋದಾಗ ನಾನೊಂದು ಸಂಗತಿಯನ್ನು ಕಂಡು ಆಶ್ಚರ್ಯಪಟ್ಟೆನು. ಬಂಗಾಲದ ಹೆಣ್ಣುಮಕ್ಕಳೂ ಹಳೆಯ ಸೀರೆಗಳನ್ನು ಪದರುಪದರಾಗಿ ಹಾಸಿ ಇದೇ ಸಾಲುಹೊಲಿಗೆಯಿಂದ ಹೊದಿಕೆ ಮಾಡುವರು; ಕಾಂಥಾ ಎಂದು ಅದರ ಹೆಸರು. ಪೂರ್ವ ಬಂಗಾಲದ ಕಾಂಥಾಗಳ ಮೇಲೆ ಹೂ, ಬಳ್ಳಿ, ಆನೆ, ರಥಗಳ ಕಸೂತಿಯೂ ಇರುವದು. ನಮ್ಮ ತಾಯಿಯವರಿಗೆ ಇದು ಗೊತ್ತಿರಲಿಲ್ಲ. ಶಿಬಿರದಲ್ಲಿ ಆ ಗಂಟನ್ನು ಬಿಚ್ಚಿದ ಹೆಂಗಸು ಇದು ತನ್ನ ಊರಿನದಲ್ಲವೆಂದು ಒಂದು ಕ್ಷಣವಾದರೂ ಸಂದೇಹಪಟ್ಟಿರಲಾರಳು.

ಆದರೆ ಗಂಟು ಶಿಬಿರಕ್ಕೆ ಮುಟ್ಟಿದ್ದು ಸುಲಭವಾಗಿ ಅಲ್ಲ. ಬೆಳಗಾವಿಯಲ್ಲಿ ಇಂತಹ ಸಾಮಾನುಗಳನ್ನು ಕೂಡಿಸುತ್ತಿದ್ದ ಒಂದು ಸ್ಥಳಕ್ಕೆ ಅವನ್ನು ಕಳಿಸಿದ್ದೆವು. ದಸರೆ ಕಳೆದು ತಂದೆಯವರು ಏನೋ ಕೆಲಸಕ್ಕೆಂದು ಅಲ್ಲಿಗೆ ಹೋದಾಗ, ನಮ್ಮ ಗಂಟುಗಳು ಒಂದು ಪಡಸಾಲೆಯ ಮೂಲೆಯಲ್ಲಿ ಇದ್ದ ಹಾಗೆಯೇ ಇದ್ದುವು. ಒಂದನ್ನು ಇಲಿ ಕಡಿದಿತ್ತು. ಕೇಳಿದರೆ, ಒಯ್ಯುವ ಖರ್ಚಿಗೆ ಹಣವಿಲ್ಲವೆಂದರು! ಅರಿವೆ ಕೊಟ್ಟವರು ಊರ ತುಂಬ ಇದ್ದರು. ಆ ಅರಿವೆಯನ್ನು ರೈಲಿಗೆ ಹಾಕಲು ಕೊಡುವವರು ಒಬ್ಬರೂ ಇರಲಿಲ್ಲ. ತಂದೆಯವರು ಅಲ್ಲಿಯೇ ಜಗಳವಾಡಲಿಲ್ಲ. ಮರುದಿನ ಖಾನಾಪುರಕ್ಕೆ ಬಂದು ಓಣಿಯಲ್ಲಿ ಮನೆಗೆ ಎಂಟಾಣೆಯಂತೆ ಎತ್ತಿ, ತಮ್ಮದೂ ಕೂಡಿಸಿ, ಗಂಟುಗಳನ್ನು ತಾವೇ ಮುಂದೆ ನಿಂತು ಮಿರಜದ ಮಾರ್ಗವಾಗಿ ಸಾಗಹಾಕಿದರು. ಸಹಾಯಕ್ಕೆಂದು ಸಾಮಾನು ಕೂಡಿಸುವ ತರುಣರಿಗೆ ನಾನು ಇಂದಿಗೂ ಹೇಳುವದಿಷ್ಟೇ: ಮೊದಲು ಬಾಡಿಗೆಯ ಹಣ ಎತ್ತಿರಿ, ಆಮೇಲೆ ಅರಿವೆ.

ಇದು ನಮ್ಮಂತಹ ಸಣ್ಣ ಊರಿನ ದೋಷವೆಂದು ತಿಳಿಯಬೇಡಿರಿ. ಅದೇ ಶ್ರಾವಣದ ಸುಮಾರಿಗೆ, ಆಗಸ್ಟ ೧ರಂದು, ಅಮೇರಿಕೆಯ ನ್ಯೂಯಾರ್ಕ ಪಟ್ಟಣದಲ್ಲಿ ಪಂಡಿತ ರವಿಶಂಕರರೂ ಅವರ ಶಿಷ್ಯನಾದ ಜಾರ್ಜ ಹ್ಯಾರಿಸನ್ನನೂ ಇದೇ ನಿರಾಶ್ರಿತರಿಗಾಗಿ ದಿನಕ್ಕೆ ಎರಡು ಕಚೇರಿಗಳನ್ನು ನಡಿಸಿದರು. ಉಸ್ತಾದ ಅಲೀ ಅಕಬರ ಖಾನರು ಸರೋದ ಬಾರಿಸಿದರು. ಸುಮಾರು ೪೦ ಸಾವಿರ ಜನ ಕೂಡಿ ಬಾಗಿಲಲ್ಲಿ ಬಂದ ಹಣವೇ ೨ ಲಕ್ಷ ೪೩ ಸಾವಿರ ಡಾಲರು. ಅದು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಮುಟ್ಟಿತು. ಆದರೆ ಆ ಕಚೇರಿಯ ಧ್ವನಿಮುದ್ರಿಕೆ ಚಲಚ್ಚಿತ್ರಗಳಿಂದ ಬಂದ ಹೆಚ್ಚಿನ ಹಣವು ತೆರಿಗೆಯ ತಕರಾರಿನಲ್ಲಿ ಸಿಕ್ಕಿ ವರ್ಷಗಟ್ಟಲೆ ಅಲ್ಲಿಯೇ ಬಿದ್ದುಕೊಂಡಿತು. ಅದರ ಮುಂದೆ ನಮ್ಮ ಇಲಿ ಕಡಿದ ಗಂಟು ಏನು ದೊಡ್ಡದು!

ಇನ್ನು ಆ ಹಣ, ಆ ಅರಿವೆಗಳು ಹೋಗಿ ಸೇರಿದ ಸ್ಥಳದ ಸಂಗತಿ. ಗಡಿಯ ಉದ್ದಕ್ಕೂ ಶಿಬಿರಗಳು. ಸರಕಾರದ ಎಣಿಕೆಯಲ್ಲಿ ೮೨೫. ಕಲಕತ್ತೆಯ ಬಳಿಯ ಸಾಲ್ಟ ಲೇಕ ಎಂಬಲ್ಲಿ ಗಟಾರಕ್ಕಾಗಿ ತಂದಿಟ್ಟ ಕಾಂಕ್ರೀಟಿನ ದೊಡ್ಡ ಕೊಳವೆಗಳಲ್ಲಿಯೇ ಸಂಸಾರಗಳು ಬಿಡಾರ ಮಾಡಿದ್ದವು. ಜೂನ ತಿಂಗಳಲ್ಲಿ ಕಾಲರಾ ಬೇನೆ ಹುಟ್ಟಿತು. ಈ ಬೇನೆಯಲ್ಲಿ ಶರೀರದ ನೀರೂ ಉಪ್ಪೂ ಕೆಲವೇ ತಾಸುಗಳಲ್ಲಿ ಹರಿದುಹೋಗಿ ಮನುಷ್ಯನು ಸಾಯುವನು. ಆ ನೀರನ್ನು ನರದೊಳಗೆ ಸೂಜಿಯಿಂದ ಹಾಕುವದೇ ಆಗಿನ ಚಿಕಿತ್ಸೆ. ಅದಕ್ಕೆ ಬಾಟಲಿ ಬೇಕು, ಸೂಜಿ ಬೇಕು, ಕಲಿತ ಕೈ ಬೇಕು. ಬನಗಾಂವದ ದವಾಖಾನೆಯ ಎರಡು ಕೋಣೆಗಳಲ್ಲಿ ರೋಗಿಗಳು ನೆಲದ ಮೇಲೆ ತಮ್ಮ ಮಲದಲ್ಲಿಯೇ ಬಿದ್ದಿದ್ದರು. ಡಾಕ್ಟರರು ಮೊಣಕಾಲೂರಿಯೇ ಅವರ ನಡುವೆ ಓಡಾಡಬೇಕಾಗುತ್ತಿತ್ತು. ಬಾಟಲಿಗಳು ತೀರಿಹೋದುವು.

ಆಗ ಅಲ್ಲಿ ಕೆಲಸದ ಮೇಲಿದ್ದವರು ಡಾಕ್ಟರ ದಿಲೀಪ ಮಹಲನೋಬಿಸರು. ಅವರೊಂದು ಸಾಹಸ ಮಾಡಿದರು. ಒಂದು ಲೀಟರು ನೀರಿಗೆ ೨೨ ಗ್ರಾಮು ಗ್ಲೂಕೋಸು, ೩.೫ ಗ್ರಾಮು ಉಪ್ಪು, ೨.೫ ಗ್ರಾಮು ಅಡಿಗೆಯ ಸೋಡಾ, ಈ ಪ್ರಮಾಣದ ಪುಡಿಯನ್ನು ಕಲಕತ್ತೆಯಲ್ಲಿ ಕಲಸಿ ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ತುಂಬಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿ ತರಿಸಿದರು. ಶಿಬಿರದಲ್ಲಿ ಅದನ್ನು ಪೀಪಾಯಿಯ ನೀರಿನಲ್ಲಿ ಕರಗಿಸಿ, ರೋಗಿಯ ತಾಯಿ ಅಕ್ಕ ತಂಗಿಯರ ಕೈಗೆ ಲೋಟ ಕೊಟ್ಟು, ಕುಡಿಸುತ್ತಲೇ ಇರಿ ಎಂದರು. ಗ್ಲೂಕೋಸು ಜತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುವದೆಂಬುದು ಪ್ರಯೋಗಶಾಲೆಗಳಲ್ಲಿ ಗೊತ್ತಿದ್ದ ಸಂಗತಿಯೇ. ಆದರೆ ಮನೆಯ ಹೆಂಗಸರ ಕೈಯಿಂದ, ಇಂತಹ ಗೊಂದಲದಲ್ಲಿ, ಸಾವಿರಾರು ಜನರ ಮೇಲೆ ಅದನ್ನು ನಡಿಸಿ ನೋಡಿದವರು ಅದುವರೆಗೆ ಇರಲಿಲ್ಲ. ಎಂಟು ವಾರಗಳಲ್ಲಿ ೩,೭೦೦ ರೋಗಿಗಳಿಗೆ ಹೀಗೆ ಉಪಚಾರವಾಯಿತು. ನೂರಕ್ಕೆ ೩೦ ಜನ ಸಾಯುತ್ತಿದ್ದಲ್ಲಿ ಸಾವು ನೂರಕ್ಕೆ ೩.೬ಕ್ಕೆ ಇಳಿಯಿತು.

ಇಂದು ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಜೀವಜಲವೆಂದು ಕೊಡುವ ಪೊಟ್ಟಣವು ಈ ಶಿಬಿರದಿಂದ ಎದ್ದು ಬಂದದ್ದು. ಪೊಟ್ಟಣ ದೊರೆಯದಿದ್ದಾಗ ಒಂದು ಲೀಟರು ಶುದ್ಧವಾದ ನೀರಿಗೆ ಚಹದ ಚಮಚೆಯಿಂದ ಸಮವಾಗಿ ಅಳೆದ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿ ಗೃಹಿಣಿಯರು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಕೂಸು ಮಂಕಾದರೆ ಡಾಕ್ಟರರಲ್ಲಿಗೆ ಹೋಗುವದನ್ನು ತಡಮಾಡಲೂಬಾರದು. ಮಹಲನೋಬಿಸರು ೨೦೨೨ರ ಅಕ್ಟೋಬರದಲ್ಲಿ ತೀರಿಕೊಂಡರು. ಪದ್ಮವಿಭೂಷಣವನ್ನು ಸರಕಾರವು ಅವರಿಗೆ ಮರುವರ್ಷ ಸಾರಿತು. ಬದುಕಿದ್ದಾಗ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತೋ ನಾನರಿಯೆ.

ಡಿಸೆಂಬರ ೩ರಂದು ಯುದ್ಧವೇ ಆರಂಭವಾಯಿತು. ಬೆಳಗಾವಿಯ ಮನೆಗಳಲ್ಲಿ ರೇಡಿಯೋದ ಮುಂದಿನಿಂದ ಯಾರೂ ಏಳುತ್ತಿರಲಿಲ್ಲ. ಮರಾಠಾ ಪಲಟಣಿನ ಒಂದನೆಯ ಬಟಾಲಿಯನ್ನಿಗೆ ಜಂಗೀ ಪಲಟಣ ಎಂದು ಹೆಸರು. ಅದು ಜಮಾಲಪುರವೆಂಬ ಊರನ್ನು ಬಳಸಿಹೋಗಿ ವೈರಿಯು ಹಿಂಜರಿಯುವ ರಸ್ತೆಯನ್ನೇ ತಡೆದು ಕುಳಿತಿತು. ಶರಣಾಗಿರೆಂದು ನಮ್ಮ ಬ್ರಿಗೇಡಿಯರರು ಪತ್ರ ಕಳಿಸಿದರೆ, ಅಲ್ಲಿಯ ಸೇನಾಧಿಕಾರಿಯು ಉತ್ತರದ ಜತೆಗೆ ಒಂದು ಕಾಡತೂಸನ್ನು ಸುತ್ತಿ ಕಳಿಸಿದನು. ಡಿಸೆಂಬರ ೧೦ರ ರಾತ್ರಿ ಅವರು ದಾರಿ ಬಿಡಿಸಿಕೊಳ್ಳಲು ಮೇಲೆ ಬಿದ್ದರು. ಬೆಳಗಾಗುವ ವರೆಗೆ ಕಾಳಗವಾಯಿತು, ದಾರಿ ಬಿಡಲಿಲ್ಲ. ೧೬ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯವು ಶರಣಾಯಿತು.

ಮುದುಕಿಯ ಮಗನ ಉತ್ತರವು ಜನೇವರಿಯಲ್ಲಿ ಬಂದಿತು. ಅದನ್ನು ಓದಿದವರೂ ತಂದೆಯವರೇ. ಕ್ಷೇಮದಿಂದಿದ್ದೇನೆ, ನೀನು ಕೇಳಿದ್ದನ್ನು ನೋಡಿದ್ದೇನೆ, ಬರೆಯಲಿಕ್ಕೆ ಬರುವದಿಲ್ಲ, ರಜೆಗೆ ಬಂದಾಗ ಹೇಳುತ್ತೇನೆ ಎಂದಿಷ್ಟೇ ಇತ್ತು. ರಜೆಗೆ ಬಂದ ಮೇಲೆ ನಮ್ಮ ಕಟ್ಟೆಯ ಮೇಲೆ ಕುಳಿತು ಅವನು ಯುದ್ಧದ ಮಾತನ್ನು ಹೆಚ್ಚಾಗಿ ಆಡಲಿಲ್ಲ. ಹಿಂದಿ ಮರಾಠಿ ಕನ್ನಡಗಳನ್ನು ಕಲಸಿ, ಗಡಿಯ ಕಡೆಗೆ ತಿರುಗಿ ನಡೆಯುತ್ತಿದ್ದ ಜನರ ಸಾಲಿನ ಸುದ್ದಿ ಹೇಳಿದನು. ಹೋಗುವಾಗ ಒಬ್ಬೊಬ್ಬರ ತಲೆಯ ಮೇಲೂ ಶಿಬಿರದಲ್ಲಿ ಕೊಟ್ಟ ಅಲ್ಯುಮಿನಿಯಮ್ಮಿನ ಬೋಗುಣಿ, ಒಂದು ಕಂಬಳಿ ಇದ್ದವಂತೆ. "ಮುಟ್ಟೇತಿ ಬಿಡವ್ವಾ," ಎಂದು ತಾಯಿಗೆ ಹೇಳಿದನು. ಮುದುಕಿ "ಕಂಬಳಿ ಚಲೋ ಇತ್ತೋ, ಹರಕ ಇತ್ತೋ?" ಎಂದು ಕೇಳಿದಳು.

ಬಂದವರು ಹಾಗೆ ತಿರುಗಿ ಹೋದದ್ದು ಜಗತ್ತಿನ ಇತಿಹಾಸದಲ್ಲಿ ಅಪರೂಪವಾದ ಸಂಗತಿ. ೧೯೭೨ರ ಜನೇವರಿಯಲ್ಲಿ ಮೊದಲಾಗಿ ಮಾರ್ಚದ ಕೊನೆಯ ಹೊತ್ತಿಗೆ ಬಹುತೇಕ ಎಲ್ಲರೂ ತಮ್ಮ ಊರುಗಳಿಗೆ ಮರಳಿದ್ದರು. ಆದರೆ ತಿಕೀಟು ಮರಳಲಿಲ್ಲ! ಶಿಬಿರಗಳು ಖಾಲಿಯಾಗಿ ಒಂದು ವರ್ಷವಾದರೂ ನಾವು ಪಾಕೀಟಿಗೆ ಐದು ಪೈಸೆ ಹಚ್ಚುತ್ತಲೇ ಇದ್ದೆವು. ಮಾಡಿದ ಸಾಲ ತೀರಬೇಕಲ್ಲ ಎಂದು ಕೆಲವರು ಸಮರ್ಥಿಸಿದರು. ಸಂತೆಯಲ್ಲಿ ಇದನ್ನು ಕುರಿತು ಆಡಿಕೊಂಡವರೇ ಹೆಚ್ಚು. ಮಾಡಿದ ಖರ್ಚು ದೊಡ್ಡದಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೂ ಜನರಿಗೆ ಅದನ್ನು ಎಡೆಬಿಡದೆ ತಿಳಿಸಿ ಹೇಳಬೇಕಾಗಿತ್ತು. ಒಲ್ಲದ ಮನಸ್ಸಿನಿಂದ ಹಚ್ಚಿದ ತಿಕೀಟಿನಿಂದ ಮುಂದಿನ ಸಲ ಕೇಳುವವನಿಗೆ ನಷ್ಟ. ಕೊನೆಗೆ ೧೯೭೩ರಲ್ಲಿ ಈ ತೆರಿಗೆಗಳನ್ನು ತೆಗೆದುಹಾಕುವ ಕಾಯದೆಯಾಗಿ ಮಾರ್ಚ ೩೧ಕ್ಕೆ ಅವು ಮುಗಿದುವು. ಅದೇ ವರ್ಷ ನವೆಂಬರದಲ್ಲಿ ಮೈಸೂರು ಎಂಬ ನಮ್ಮ ರಾಜ್ಯದ ಹೆಸರು ಕರ್ನಾಟಕವೆಂದಾಯಿತು.

ತಂದೆಯವರಿಗೆ ಓಡಿಬಂದ ಪರದೇಶಿಗಳ ವಿಷಯದಲ್ಲಿ ಇದ್ದ ಆಸ್ಥೆಗೆ ಇನ್ನೊಂದು ಕಾರಣವಿತ್ತು. ತಾರುಣ್ಯದಲ್ಲಿ ಒಮ್ಮೆ ಕೊಲ್ಹಾಪುರದ ಪೇಟೆಯಲ್ಲಿ ಬಿಳಿಯ ಹೆಂಗಸರು ಕೈಚೀಲ ಹಿಡಿದು ಬದನೆಕಾಯಿಯ ಚೌಕಾಶಿ ಮಾಡುವದನ್ನು ಅವರು ಕಂಡಿದ್ದರಂತೆ. ದೊರೆಸಾನಿಯರು ಚೌಕಾಶಿ ಮಾಡುವರೇ ಎಂದು ವಿಚಾರಿಸಿದಾಗ, ಅವರು ದೊರೆಸಾನಿಯರಲ್ಲ, ಪೋಲಂಡದವರು ಎಂದು ತಿಳಿಯಿತು. ಎರಡನೆಯ ಮಹಾಯುದ್ಧದಲ್ಲಿ ರಶಿಯಕ್ಕೆ ಗಡೀಪಾರಾಗಿ, ಅಲ್ಲಿಂದ ಬಿಡುಗಡೆ ಹೊಂದಿ ಇರಾಣದ ಮಾರ್ಗವಾಗಿ ಬಂದ ಸುಮಾರು ೫,೦೦೦ ಪೋಲಂಡದವರು, ಬಹುಮಟ್ಟಿಗೆ ಹೆಂಗಸರು ಮಕ್ಕಳು, ೧೯೪೩ರಿಂದ ೧೯೪೮ರ ವರೆಗೆ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿದ್ದರು. ಅವರಿಗೆ ಅಲ್ಲಿ ತಮ್ಮದೇ ಶಾಲೆ, ಚರ್ಚು, ನಾಟಕಗಳಿದ್ದುವು. ಇಂದು ವಾರ್ಸಾ ಪಟ್ಟಣದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ. ೨೦೨೪ರ ಆಗಸ್ಟದಲ್ಲಿ ನಮ್ಮ ಪ್ರಧಾನಿಗಳು ಅಲ್ಲಿಗೆ ಹೋಗಿ ಹೂ ಇಟ್ಟು ಬಂದರು.

ನಮ್ಮ ನಾಡಿನ ಒಳಗೂ ಇಂತಹ ಗುರುತುಗಳಿವೆ. ಟಿಬೇಟದಿಂದ ಬಂದವರು ೧೯೬೬ರಿಂದ ಮುಂಡಗೋಡದಲ್ಲಿ ನೆಲೆಸಿ ಗೋವಿನಜೋಳ ಬೆಳೆಯುತ್ತಿದ್ದಾರೆ. ಚಳಿಗಾಲದಲ್ಲಿ ಉಣ್ಣೆಯ ಅಂಗಿ ಮಾರಲು ನಮ್ಮ ಊರುಗಳಿಗೆ ಬರುವರು. ರಾಯಚೂರ ಜಿಲ್ಲೆಯ ಸಿಂಧನೂರಿನ ಬಳಿ ಪೂರ್ವ ಬಂಗಾಲದಿಂದ ಬಂದ ಕುಟುಂಬಗಳ ಪುನರ್ವಸತಿ ಶಿಬಿರಗಳಿವೆ. ಶಿಬಿರವೆಂಬ ಹೆಸರು ಉಳಿದಿದೆಯೇ ಹೊರತು ಈಗ ಅವು ಊರುಗಳೇ. ಅಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಬಂಗಾಲಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವರು.

ಮೊಮ್ಮಗಳು ಇಷ್ಟನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ ಹೇಳಲಾರೆ. ಅವಳು ಪೆಟ್ಟಿಗೆಯ ತಳವನ್ನು ಕೆದರುತ್ತಿದ್ದಳು. ಪಂಚಾಂಗದ ಹಾಳೆಗಳ ನಡುವೆ ಉಪಯೋಗಿಸದ ಎಂಟು ತಿಕೀಟುಗಳ ಒಂದು ತುಣುಕು ಸಿಕ್ಕಿತು. ೧೯೭೩ರ ಮಾರ್ಚ ೩೧ಕ್ಕೆ ತಂದೆಯವರ ಹತ್ತಿರ ಉಳಿದವು ಇರಬೇಕು. ಮಗ್ಗುಲಲ್ಲಿ ಅವರದೇ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಆಯಿಯವರ ೪೦ ಪೈಸೆ, ತಿರುಗಿ ಕೊಡುವದು." ಕೊಟ್ಟರೋ ಇಲ್ಲವೋ ಬರೆದಿಲ್ಲ. ಆಯಿಯ ಮೊಮ್ಮಕ್ಕಳು ಈಗ ಬೆಳಗಾವಿಯ ಶಹಾಪುರದಲ್ಲಿದ್ದಾರೆ. ಮುಂದಿನ ವಾರ ಆ ಕಡೆಗೆ ಹೋಗುವ ಕೆಲಸವಿದೆ. ತಿಕೀಟುಗಳನ್ನು ಒಂದು ಪಾಕೀಟಿನಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ.